ಮುತ್ತಿನ ನಾಡಿನಲ್ಲಿ ಸುಣ್ಣದ ಪಾಠ

ಕಳೆದ ವಾರ ಅಲ್ ಹಿಲಾಲ್‌ನ ನಮ್ಮ ಮನೆಗೆ ಊರಿನಿಂದ ಅಕ್ಕನ ಮಗನ ಕರೆ ಬಂತು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸುತ್ತಿರುವ ಹುಡುಗ. ‘ಮಾವ, ಏಜೆಂಟರಿಗೆ ಕೊಡಲು ಅಪ್ಪ ಹೊಲ ಅಡವಿಡುತ್ತೇನೆ ಎನ್ನುತ್ತಿದ್ದಾರೆ. ನಾನು ಕಲಿತದ್ದಕ್ಕೆ ಕತಾರಿನಲ್ಲಿ ಬೆಲೆಯಿದೆಯೇ?’ ಎಂದು ಕೇಳಿದ. ಅವನಿಗೂ ಅವನಂಥವರಿಗೂ ಈ ಬರಹವೇ ನನ್ನ ಉತ್ತರ.

ನಮ್ಮೂರ ಕೊಳವೆಬಾವಿಯ ಗಡಸು ನೀರಿನಿಂದ ಬಚ್ಚಲಿನ ಹಂಡೆಯೊಳಗೆ ಬಿಳಿಯ ಗಟ್ಟಿ ಪದರ ಕಟ್ಟುತ್ತಿತ್ತು. ಅಮ್ಮ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ಆ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನದಿಯೇ ಇಲ್ಲದ ಕತಾರಿನಲ್ಲಿ ಕುಡಿಯುವ ನೀರೆಲ್ಲ ಹೆಚ್ಚುಕಡಿಮೆ ಕಡಲಿನದೇ. ಅದನ್ನು ಸಿಹಿಯಾಗಿಸುವ ಕೆಲಸದಲ್ಲಿಯೇ ನನ್ನ ಜೀವನ ಸಾಗಿದೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ; ಈ ಲವಣವಾದರೋ ನೀರು ಕಾದಷ್ಟೂ ಕಡಿಮೆ ಕರಗುತ್ತದೆ. ಆದ್ದರಿಂದ ಕಾಯಿಸುವ ಕೊಳವೆಗಳಲ್ಲಿ ಅಮ್ಮನ ಹಂಡೆಯ ಪದರವೇ ಬೆಳೆದು ಶಾಖವನ್ನು ತಡೆಯುತ್ತದೆ.

ಇದೇ ವಸ್ತುವಿನ ಇನ್ನೊಂದು ರೂಪವನ್ನು ದೋಹಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಬರೋಡದ ಖಂಡೇರಾವ್ ಗಾಯಕವಾಡರು 1865ರ ಸುಮಾರಿಗೆ ಮಾಡಿಸಿದ ಮುತ್ತಿನ ಜಮಖಾನೆ ಅಲ್ಲಿದೆ. ಈ ಕೊಲ್ಲಿಯ ಲಕ್ಷಾಂತರ ಮುತ್ತುಗಳನ್ನು ಅದಕ್ಕೆ ಪೋಣಿಸಿದ್ದಾರೆ.

ಸ್ವಾತಿಮಳೆಯ ಹನಿಯೇ ಚಿಪ್ಪಿನಲ್ಲಿ ಮುತ್ತಾಗುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ವಾಸ್ತವದಲ್ಲಿ ಸಿಂಪಿಯು ಮೊದಲು ಸಾವಯವ ವಸ್ತುವಿನ ತೆಳ್ಳನೆಯ ಹಾಳೆಯನ್ನು ಸಿದ್ಧಪಡಿಸಿಕೊಂಡು, ಅದರ ಮೇಲೆ ಸುಮಾರು ಅರ್ಧ ಮೈಕ್ರೋಮೀಟರ್ ದಪ್ಪದ ಖನಿಜದ ಬಿಲ್ಲೆಗಳನ್ನು ಪದರಪದರವಾಗಿ ಬೆಳೆಸುತ್ತದೆ. ಹಂಡೆಯ ಸುಣ್ಣಕ್ಕೂ ಮುತ್ತಿಗೂ ಮೂಲವಸ್ತು ಒಂದೇ. ಅದು ಬೆಳೆದ ನೆಲೆ ಬೇರೆ.

ಮನುಷ್ಯನೂ ಈ ವಿದ್ಯೆಯನ್ನು ಕಲಿತ. 1999ರಲ್ಲಿ ಜೊವಾನಾ ಐಸೆನ್‌ಬರ್ಗ್, ಆಂಡ್ರ್ಯೂ ಬ್ಲ್ಯಾಕ್ ಮತ್ತು ಜಾರ್ಜ್ ವೈಟ್‌ಸೈಡ್ಸ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಲೋಹದ ಹಾಳೆಯ ಮೇಲೆ ರಬ್ಬರಿನಂಥ ಮೊಹರಿನಿಂದ, ಒಂದೇ ಅಣುವಿನಷ್ಟು ದಪ್ಪದ ಚುಕ್ಕಿಗಳನ್ನು ಒತ್ತಿದರು. ಚುಕ್ಕಿಗಳ ಅಣುಗಳ ತುದಿಯಲ್ಲಿ ಆಮ್ಲದ ಗುಂಪು. ಉಳಿದ ಜಾಗಕ್ಕೆ ಮೇಣದಂಥ ಹೊದಿಕೆ. ಕ್ಯಾಲ್ಸಿಯಂ ದ್ರಾವಣದಲ್ಲಿ ಮುಳುಗಿಸಿದಾಗ ಹರಳುಗಳು ಚುಕ್ಕಿಗಳ ಮೇಲಷ್ಟೇ, ಅದೂ ಒಂದೇ ದಿಕ್ಕಿಗೆ ಮುಖಮಾಡಿ ಬೆಳೆದವು. ಚುಕ್ಕಿಗಳು ಸುತ್ತಲಿನ ಅಯಾನುಗಳನ್ನು ಸೆಳೆದುಕೊಂಡದ್ದರಿಂದ ನಡುವಿನ ಜಾಗದಲ್ಲಿ ಹರಳುಗಟ್ಟುವಷ್ಟು ಸರಕು ಉಳಿಯಲಿಲ್ಲ. 2003ರಲ್ಲಿ ಐಸೆನ್‌ಬರ್ಗ್ ತಂಡವು ಇನ್ನೂ ಹರಳುಗಟ್ಟದ ತೆಳುಪದರವೊಂದನ್ನು ಒಂದೇ ಬಿಂದುವಿನಿಂದ ಹರಳುಗಟ್ಟಿಸಿ, ಇಡೀ ಪದರವನ್ನು ಒಂದೇ ಹರಳಾಗಿಸಿತು.

ಹರಳನ್ನು ಬೇಕಾದಲ್ಲಿ ಬೆಳೆಸಬಲ್ಲ ಈ ತಿಳಿವಳಿಕೆಯೇ ಬೇಡವಾದಲ್ಲಿ ತಡೆಯುವುದಕ್ಕೂ ಬುನಾದಿ. ಕಡಲ ನೀರು ಕುಡಿಯುವ ನಾಡಿಗೆ ಇದು ಬರಿಯ ಪುಸ್ತಕದ ವಿಷಯವಲ್ಲ.

ಆದ್ದರಿಂದ, ಮಗೂ, ನಿನ್ನ ಕಲಿಕೆಗೆ ಇಲ್ಲಿ ಬೆಲೆಯಿದೆ, ಅಂಕಪಟ್ಟಿಯೊಂದಕ್ಕೇ ಅಲ್ಲ. ಒಂದೆರಡು ವರ್ಷ ಅಲ್ಲಿಯೇ ಪ್ರಯೋಗಾಲಯದಲ್ಲಿ ನೀರಿನ ವಿಶ್ಲೇಷಣೆಯಲ್ಲಿ ಕೈ ಪಳಗಿಸಿಕೊ. ಏಜೆಂಟರ ನೋಂದಣಿಯನ್ನು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಪರೀಕ್ಷಿಸು. ಕೆಲಸಗಾರನಿಂದ ನೇಮಕಾತಿ ಶುಲ್ಕ ಪಡೆಯುವುದನ್ನು ಕತಾರಿನ 2004ರ ಕಾರ್ಮಿಕ ಕಾನೂನು ನಿಷೇಧಿಸಿದೆ ಎಂದು ಭಾವನವರಿಗೆ ತಿಳಿಸು. ಹೊಲ ಹೊಲವಾಗಿಯೇ ಇರಲಿ. ನೀನು ಬಂದ ಮೊದಲ ಶುಕ್ರವಾರ ಆ ಮುತ್ತಿನ ಜಮಖಾನೆಯನ್ನು ತೋರಿಸುವ ಹೊಣೆ ನನ್ನದು.