ಹಿಮ ಏಕೆ ಜಾರುತ್ತದೆ?



ಕಡೂರು, ತರೀಕೆರೆ, ಅಜ್ಜಂಪುರದವರಿಗೆ ಬೆಟ್ಟವೆಂದರೆ ಬಾಬಾಬುಡನ್‌ಗಿರಿಯ ಸಾಲು. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೂ ಇಲ್ಲೇ ಇದೆ. ಎತ್ತರ ಸುಮಾರು 1,930 ಮೀಟರ್. ಅಲ್ಲಿ ಮಂಜು ಮುಸುಕುತ್ತದೆ, ಹಿಮ ಬೀಳುವುದಿಲ್ಲ. ಹಾಗಿದ್ದರೆ ಹಿಮಕುಸಿತದ ಮಾತು ನಮಗೇಕೆ?

ಏಕೆಂದರೆ ನಮ್ಮವರು ಅಲ್ಲಿಗೆ ಹೋಗುತ್ತಾರೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಅವರಲ್ಲಿ ಮೂವರು ಕನ್ನಡಿಗರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತವಾಗಿ ಸಿಕ್ಕರೂ ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಕರ್ನಾಟಕದಿಂದ ಹೊರಟಿದ್ದ ಚಾರಣ ತಂಡದ 9 ಮಂದಿ ಹಿಮಗಾಳಿಗೆ ಸಿಲುಕಿ ಮಡಿದರು. ಅದು ಹಿಮಕುಸಿತವಲ್ಲ, ಆದರೆ ಎತ್ತರದಲ್ಲಿ ಹವೆ ಎಷ್ಟು ಬೇಗ ಬದಲಾಗುತ್ತದೆಂಬುದಕ್ಕೆ ಸಾಕ್ಷಿ.

ರಾಗಿಯ ರಾಶಿ, ಹಿಮದ ಹಾಸು

ಕಣದಲ್ಲಿ ರಾಗಿ ಸುರಿಯುವುದನ್ನು ನೀವು ನೋಡಿದ್ದೀರಿ. ರಾಶಿಯ ಇಳಿಜಾರು ಒಂದು ಮಿತಿಯನ್ನು ದಾಟಿದೊಡನೆ ಕಾಳು ತಾನಾಗಿ ಜಾರುತ್ತದೆ. ಸಡಿಲ ಹಿಮವೂ ಹೀಗೆಯೇ ಜಾರುತ್ತದೆ. ಇದಕ್ಕಿಂತ ಅಪಾಯಕಾರಿಯಾದುದು ಹಾಸುಹಿಮದ ಕುಸಿತ.

ಹಿಮ ಒಂದೇ ಸಲ ಬೀಳುವುದಿಲ್ಲ. ಪದರ ಪದರವಾಗಿ ಕೂಡುತ್ತದೆ. ಚಳಿ ಹೆಚ್ಚಿದಾಗ ತೆಳುವಾದ ಹಿಮದೊಳಗಿನ ಕಣಗಳು ಸಕ್ಕರೆ ಹರಳಿನಂತಾಗಿ ಒಂದಕ್ಕೊಂದು ಅಂಟುವುದನ್ನು ಬಿಡುತ್ತವೆ. ಅದರ ಮೇಲೆ ಹೊಸ ಹಿಮ ಬಿದ್ದು, ಗಾಳಿಗೆ ಗಟ್ಟಿಯಾಗಿ ಕೂರುತ್ತದೆ. ಆಗ ಒಬ್ಬ ಮನುಷ್ಯನ ಭಾರವೇ ಸಾಕು: ಕೆಳಗಿನ ದುರ್ಬಲ ಪದರ ಮುರಿದು, ಮೇಲಿನ ಹಾಸು ಇಡಿಯಾಗಿ ಕಳಚುತ್ತದೆ. ಚಾರಣಿಗರು ಸಿಲುಕುವ ಕುಸಿತಗಳಲ್ಲಿ ಹೆಚ್ಚಿನವನ್ನು ಎಬ್ಬಿಸುವವರು ಅವರೇ ಅಥವಾ ಅವರ ಜೊತೆಗಾರರು. ಕೂಗಿದರೆ ಹಿಮ ಕುಸಿಯುತ್ತದೆಂಬುದು ಮಾತ್ರ ಸಿನಿಮಾದ ಮಾತು.

ಇಂಥ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಅದಕ್ಕಿಂತ ಕಡಿಮೆಯಿದ್ದರೆ ಘರ್ಷಣೆ ಹಿಮವನ್ನು ಹಿಡಿದಿಡುತ್ತದೆ; ಹೆಚ್ಚಿದ್ದರೆ ಹಿಮ ನಿಲ್ಲದೆ ಆಗಾಗ ಸ್ವಲ್ಪಸ್ವಲ್ಪವೇ ಉದುರಿಹೋಗುತ್ತದೆ.

ಮನೆಯಲ್ಲೇ ಮಾಡಿ ನೋಡಿ

ಒಂದು ಮಣೆಯ ಮೇಲೆ ಅಕ್ಕಿಹಿಟ್ಟನ್ನು ಒತ್ತಿ ಹರಡಿ. ಮೇಲೆ ತೆಳ್ಳಗೆ ಸಕ್ಕರೆ ಉದುರಿಸಿ, ಅದರ ಮೇಲೆ ಮತ್ತೆ ಹಿಟ್ಟು ಹಾಕಿ ಮೆಲ್ಲಗೆ ಒತ್ತಿ. ಈಗ ಮಣೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿ. ಯಾವ ಪದರದ ಮೇಲಿಂದ ಹಿಟ್ಟು ಜಾರಿತು? ಕಂಪಾಸು ಪೆಟ್ಟಿಗೆಯ ಕೋನಮಾಪಕದಿಂದ ಇಳಿಜಾರನ್ನು ಅಳೆಯಿರಿ. ಸಕ್ಕರೆಯಿಲ್ಲದೆ ಮತ್ತೊಮ್ಮೆ ಮಾಡಿ ಹೋಲಿಸಿ.

ಹಿಮದ ನಾಡಿಗೆ ಹೋಗುವವರಿಗೆ

ಹಿಮವೇ ಕೆಲವು ಸೂಚನೆ ಕೊಡುತ್ತದೆ. ಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತದ ಗುರುತು, ಕಾಲಿಟ್ಟಾಗ ಹಿಮ 'ಧಪ್' ಎಂದು ಕುಗ್ಗುವ ಸದ್ದು, ಕಾಲಬುಡದಿಂದ ಓಡುವ ಬಿರುಕು, ಹಿಂದಿನ ದಿನದ ಭಾರಿ ಹಿಮ, ಇದ್ದಕ್ಕಿದ್ದಂತೆ ಏರಿದ ಬಿಸಿಲು: ಇವುಗಳಲ್ಲಿ ಒಂದು ಕಂಡರೂ ಕಡಿದಾದ ಜಾಗವನ್ನು ಬಿಡಬೇಕು. ಇಳಿಜಾರಿನ ಬುಡದಲ್ಲಿ ಗುಡಾರ ಹಾಕಬಾರದು. ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಬೇಕು. ಉಳಿದವರು ಸುರಕ್ಷಿತ ಸ್ಥಳದಲ್ಲಿ ನಿಂತು ಗಮನಿಸಬೇಕು. ನಮ್ಮ ದೇಶದಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಚಂಡೀಗಢದ ಕೇಂದ್ರವು ಹಿಮಕುಸಿತದ ಮುನ್ಸೂಚನೆ ನೀಡುತ್ತದೆ. ಹೊರಡುವ ಮೊದಲು ಅದನ್ನು ಕೇಳಿ ತಿಳಿಯಬೇಕು.

ಹೂತುಹೋದವರು ಬದುಕುವ ಸಾಧ್ಯತೆ ಮೊದಲ ಹತ್ತು ನಿಮಿಷದಲ್ಲಿ ಹೆಚ್ಚು; ಅರ್ಧ ಗಂಟೆ ಕಳೆದರೆ ಬಹಳ ಕಡಿಮೆ, ಏಕೆಂದರೆ ಉಸಿರು ಕಟ್ಟುತ್ತದೆ. ದೂರದಿಂದ ಸಹಾಯ ಬರುವಷ್ಟರಲ್ಲಿ ಸಮಯ ಮೀರಿರುತ್ತದೆ. ಆದ್ದರಿಂದ ತಂಡದ ಪ್ರತಿಯೊಬ್ಬರ ಬಳಿಯೂ ಸಂಕೇತಯಂತ್ರ, ಹಿಮದಲ್ಲಿ ಚುಚ್ಚಿ ಹುಡುಕುವ ಉದ್ದನೆಯ ಸಲಾಕೆ, ಸಲಿಕೆ ಇರಬೇಕು. ಬಳಸುವ ಅಭ್ಯಾಸವೂ ಇರಬೇಕು.

ಈ ಪಾಠ ನಮ್ಮ ಘಟ್ಟಕ್ಕೂ ಸಲ್ಲುತ್ತದೆ. ಮಳೆನೀರು ಕುಡಿದ ಮಣ್ಣು ಭಾರವಾಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದು ನಿಮಗೆ ನೆನಪಿರಬಹುದು. ಮಳೆಗಾಲದಲ್ಲಿ ಕೆಮ್ಮಣ್ಣುಗುಂಡಿಗೆ ಹೊರಟಾಗ ದಾರಿಯನ್ನಷ್ಟೇ ಅಲ್ಲ, ತಲೆಯ ಮೇಲಿನ ಇಳಿಜಾರನ್ನೂ ನೋಡಿರಿ. ಅನುಮಾನ ಬಂದರೆ ಹಿಂದಿರುಗಿ. ಬೆಟ್ಟ ಅಲ್ಲೇ ಇರುತ್ತದೆ. ಇನ್ನೊಂದು ದಿನ ಹತ್ತಬಹುದು.