ಇಟ್ಟಿಗೆಯನ್ನು ಮಾತನಾಡಿಸಿದ ಲೂಯಿ ಕಾನ್

1974ರ ಮಾರ್ಚ್ 17, ಭಾನುವಾರ. ನ್ಯೂಯಾರ್ಕಿನ ಪೆನ್ ರೈಲು ನಿಲ್ದಾಣದ ಶೌಚಾಲಯದಲ್ಲಿ ವೃದ್ಧರೊಬ್ಬರು ಹೃದಯಾಘಾತದಿಂದ ಕುಸಿದು ತೀರಿಕೊಂಡರು. ಕುಳ್ಳು ದೇಹ, ಬಿಳಿಗೂದಲು, ಮುಖದಲ್ಲಿ ಹಳೆಯ ಸುಟ್ಟ ಗಾಯದ ಕಲೆ. ಪಾಸ್‌ಪೋರ್ಟಿನಲ್ಲಿದ್ದ ಮನೆಯ ವಿಳಾಸವನ್ನು ಗೀಟು ಹಾಕಿ ಅಳಿಸಲಾಗಿತ್ತು. ಎರಡು ದಿನ ಕಳೆದರೂ ಮನೆಯವರಿಗೆ ಸುದ್ದಿ ಮುಟ್ಟಲಿಲ್ಲ. ಹಾಗೆ ಶವಾಗಾರದಲ್ಲಿ ಅನಾಥರಂತೆ ಮಲಗಿದ್ದವರು ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಲೂಯಿ ಕಾನ್. ಅವರು ಊರಿಗೆ ಮರಳುತ್ತಿದ್ದುದು ನಮ್ಮ ಅಹಮದಾಬಾದಿನಿಂದ!

ಕಾನ್ ಹುಟ್ಟಿದ್ದು 1901ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಎಸ್ತೋನಿಯಾದ ಬಡ ಯಹೂದಿ ಕುಟುಂಬದಲ್ಲಿ. ಮೂರರ ವಯಸ್ಸಿನಲ್ಲಿ ಕೆಂಡದ ಹೊಳಪಿಗೆ ಮರುಳಾಗಿ ಅದನ್ನು ಎತ್ತಿಕೊಂಡಾಗ ಬಟ್ಟೆಗೆ ಬೆಂಕಿ ಹತ್ತಿಕೊಂಡಿತು. ಮುಖ ಮತ್ತು ಕೈಗಳ ಮೇಲಿನ ಕಲೆ ಜೀವಮಾನವಿಡೀ ಉಳಿಯಿತು. ಆದರೆ ಬೆಳಕಿನ ಮೋಹ ಮಾತ್ರ ಅವರನ್ನು ಬಿಡಲಿಲ್ಲ. 1906ರಲ್ಲಿ ಕುಟುಂಬ ಫಿಲಡೆಲ್ಫಿಯಾಕ್ಕೆ ವಲಸೆ ಬಂತು. ಹುಡುಗ ಮೂಕಿ ಚಿತ್ರಗಳಿಗೆ ಪಿಯಾನೊ ನುಡಿಸಿ ನಾಲ್ಕು ಕಾಸು ಸಂಪಾದಿಸಿದ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದಿ 1924ರಲ್ಲಿ ವಾಸ್ತುಶಿಲ್ಪದ ಪದವಿ ಪಡೆದ.

ಆದರೆ ಕೀರ್ತಿ ಬಂದದ್ದು ಬಹಳ ತಡವಾಗಿ. ಅವರಿಗೆ ಐವತ್ತು ತುಂಬುವ ಹೊತ್ತಿಗೂ ಹೇಳಿಕೊಳ್ಳುವಂಥ ದೊಡ್ಡ ಕಟ್ಟಡವೊಂದು ಅವರ ಹೆಸರಿನಲ್ಲಿರಲಿಲ್ಲ. 1950ರಲ್ಲಿ ರೋಮಿನ ಅಮೆರಿಕನ್ ಅಕಾಡೆಮಿಗೆ ಹೋದವರು ಇಟಲಿ, ಗ್ರೀಸ್, ಈಜಿಪ್ಟುಗಳ ಪಾಳು ಕಟ್ಟಡಗಳ ನಡುವೆ ಅಲೆದಾಡಿದರು. ಚಾವಣಿ ಹಾರಿಹೋಗಿ, ಬಾಗಿಲು ಕಿಟಕಿಗಳು ಕಳಚಿಬಿದ್ದು, ಎಷ್ಟೋ ಶತಮಾನ ಕಳೆದರೂ ಆ ಗೋಡೆಗಳು ಗಂಭೀರವಾಗಿ ನಿಂತಿವೆಯಲ್ಲ! ಆಗ ಅಮೆರಿಕದಲ್ಲಿ ತೆಳು ಉಕ್ಕು, ಹೊಳೆಯುವ ಗಾಜುಗಳ ಕಾಲ. ಕಾನ್ ಅದಕ್ಕೆ ಬೆನ್ನು ತಿರುಗಿಸಿ ಭಾರವಾದ ಗೋಡೆ, ಆಳವಾದ ನೆರಳಿನ ದಾರಿ ಹಿಡಿದರು.

1953ರ ಯೇಲ್ ವಿಶ್ವವಿದ್ಯಾಲಯದ ಕಲಾ ಗ್ಯಾಲರಿಯಿಂದ ಅವರ ನಿಜವಾದ ವೃತ್ತಿಜೀವನ ಶುರುವಾಯಿತು. ಪೋಲಿಯೊ ಲಸಿಕೆಯ ಜೋನಾಸ್ ಸಾಲ್ಕ್ ಅವರಿಗಾಗಿ ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ 1965ರಲ್ಲಿ ಮುಗಿಸಿದ ಸಂಶೋಧನಾ ಕೇಂದ್ರವನ್ನು ನೋಡಬೇಕು. ಎರಡು ಸಾಲು ಪ್ರಯೋಗಾಲಯಗಳ ನಡುವೆ ಒಂದು ಗಿಡವೂ ಇಲ್ಲದ ಬರಿಯ ಕಲ್ಲಿನ ಅಂಗಳ. ಮಧ್ಯದಲ್ಲಿ ಸಾಗರದತ್ತ ಹರಿಯುವ ಸಣ್ಣ ನೀರಿನ ಗೆರೆ. ಟೆಕ್ಸಾಸಿನ ಕಿಂಬೆಲ್ ಕಲಾ ಸಂಗ್ರಹಾಲಯದಲ್ಲಿ (1972) ಕಾಂಕ್ರೀಟು ಕಮಾನಿನ ನೆತ್ತಿಯನ್ನೇ ಸೀಳಿ ಬೆಳಕನ್ನು ಒಳಗೆ ಬಿಟ್ಟರು. ಆ ಬಿಸಿಲು ಅಲ್ಯೂಮಿನಿಯಂ ಹಾಳೆಗೆ ತಾಗಿ ಚದುರಿ, ಬೆಳ್ಳಿಯ ಬೆಳಕಾಗಿ ಚಿತ್ರಗಳ ಮೇಲೆ ಇಳಿಯುತ್ತದೆ.

ಕಾನ್ ಭಾರತಕ್ಕೆ ಬಂದದ್ದು ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ಒತ್ತಾಸೆಯಿಂದ. ವಿಕ್ರಂ ಸಾರಾಭಾಯಿ, ಕಸ್ತೂರಭಾಯಿ ಲಾಲಭಾಯಿ ಮುಂತಾದವರು ಅಹಮದಾಬಾದಿನಲ್ಲಿ ಮ್ಯಾನೇಜ್‌ಮೆಂಟ್ ಸಂಸ್ಥೆ (ಐಐಎಂ) ಕಟ್ಟಲು ಹೊರಟಿದ್ದ ಸಮಯ ಅದು. 1962ರಲ್ಲಿ ಕೆಲಸ ಒಪ್ಪಿಕೊಂಡ ಕಾನ್, ಅಲ್ಲಿಯ ಸಾಮಾನ್ಯ ಇಟ್ಟಿಗೆಯನ್ನೇ ಆರಿಸಿಕೊಂಡರು. ಇಟ್ಟಿಗೆಯನ್ನು 'ನಿನಗೇನು ಬೇಕು?' ಎಂದು ಕೇಳಬೇಕು, ಅದು 'ಕಮಾನು ಬೇಕು' ಅನ್ನುತ್ತದೆ, ಕಮಾನು ದುಬಾರಿಯಪ್ಪಾ, ಕಾಂಕ್ರೀಟು ತೊಲೆ ಹಾಕೋಣ ಎಂದರೂ ತನ್ನ ಹಟ ಬಿಡುವುದಿಲ್ಲ ಎಂದು ಅವರು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರಂತೆ. ಅಹಮದಾಬಾದಿನಲ್ಲಿ ಇಟ್ಟಿಗೆಯ ಆಸೆ ಈಡೇರಿತು. ಗೋಡೆಗಳಲ್ಲಿ ಆಳೆತ್ತರ ಮೀರಿದ ವೃತ್ತಗಳು, ಅಗಲವಾದ ಕಮಾನುಗಳು, ಅವುಗಳ ಹಿಂದೆ ತಂಪಾದ ಪಡಸಾಲೆಗಳು. ಗುಜರಾತಿನ ಉರಿಬಿಸಿಲು ಹೊರಗೇ ನಿಂತು, ಗಾಳಿ ಮಾತ್ರ ಒಳಗೆ ಬರುವ ಏರ್ಪಾಡು ಅದು.

ಅದೇ ವರ್ಷ ಆಗಿನ ಪೂರ್ವ ಪಾಕಿಸ್ತಾನದಿಂದಲೂ ಕರೆ ಬಂತು. ಢಾಕಾದಲ್ಲಿ ಸಂಸತ್ ಭವನ ಕಟ್ಟಬೇಕು. ಬಂಗಾಳಿ ವಾಸ್ತುಶಿಲ್ಪಿ ಮಜ಼ರುಲ್ ಇಸ್ಲಾಂ ತಮಗೆ ಸಿಗಬಹುದಾಗಿದ್ದ ಕೆಲಸವನ್ನು ಬಿಟ್ಟು, ಹೊರಗಿನ ದೊಡ್ಡ ಪ್ರತಿಭೆಯೇ ಬರಲಿ ಎಂದರು. ಕೈಕೆಲಸದ ಕಾಂಕ್ರೀಟು ಮೇಲೇರಿದಂತೆ, ಐದೈದು ಅಡಿಗೊಮ್ಮೆ ಕಾಣುವ ಬೆಸುಗೆಯನ್ನು ಬಿಳಿ ಅಮೃತಶಿಲೆಯ ಪಟ್ಟಿ ಮುಚ್ಚಿತು. ಯಹೂದಿ ಮನೆತನದ ಕಾನ್, ಅಲ್ಲಿ ಮೆಕ್ಕಾದ ದಿಕ್ಕಿಗೆ ಸರಿಯಾಗಿ ತುಸು ತಿರುಗಿನಿಂತ ನಮಾಜು ಮಂದಿರವನ್ನೂ ರೂಪಿಸಿದರು. 1971ರ ಯುದ್ಧದಲ್ಲಿ ಕೆಲಸ ನಿಂತಿತು. ಅರ್ಧ ಕಟ್ಟಿದ ಭವನವನ್ನು ಆಕಾಶದಿಂದ ನೋಡಿದ ಪೈಲಟ್‌ಗಳು ಪುರಾತನ ಅವಶೇಷವೆಂದು ಬಗೆದು ಬಾಂಬು ಹಾಕದೆ ಹೋದರೆಂಬ ಕಥೆ ಅಲ್ಲಿ ಪ್ರಚಲಿತ. ಭವನ ಪೂರ್ಣಗೊಂಡದ್ದು 1982ರಲ್ಲಿ, ಕಾನ್ ಸತ್ತು ಎಂಟು ವರ್ಷಗಳ ನಂತರ. ಬೇರೊಂದು ದೇಶಕ್ಕಾಗಿ ಆರಂಭವಾದದ್ದು ಬಾಂಗ್ಲಾದೇಶದ ಹೆಮ್ಮೆಯಾಯಿತು. 1989ರಲ್ಲಿ ಆಗಾ ಖಾನ್ ಪ್ರಶಸ್ತಿಯೂ ಬಂತು.

ಇಷ್ಟು ಕಟ್ಟಿದವರಿಗೆ ತಮ್ಮ ಬದುಕನ್ನು ಕಟ್ಟಿಕೊಳ್ಳಲಾಗಲಿಲ್ಲ. ಸಾಯುವಾಗ ಅವರ ಕಚೇರಿಯ ಮೇಲೆ ಸುಮಾರು 5 ಲಕ್ಷ ಡಾಲರ್ ಸಾಲವಿತ್ತು. ಒಂದೇ ನಕ್ಷೆಯನ್ನು ಹತ್ತಾರು ಬಾರಿ ತಿದ್ದುವ ಗೀಳಿಗೆ ತೆತ್ತ ಬೆಲೆ ಅದು. ಪತ್ನಿ ಎಸ್ತರ್ ಅಲ್ಲದೆ ಇನ್ನಿಬ್ಬರು ಮಹಿಳೆಯರಲ್ಲಿ ಅವರಿಗೆ ಒಂದೊಂದು ಮಗುವಿತ್ತು. ತಂದೆ ತೀರಿಕೊಂಡಾಗ 11 ವರ್ಷದವನಾಗಿದ್ದ ಮಗ ನಥಾನಿಯಲ್, ಸರಿಯಾಗಿ ಕಾಣದ ತಂದೆಯನ್ನು ಅವರ ಕಟ್ಟಡಗಳಲ್ಲಿ ಹುಡುಕುತ್ತ ಹೋಗಿ 2003ರಲ್ಲಿ ಸಾಕ್ಷ್ಯಚಿತ್ರವೊಂದನ್ನು ತೆಗೆದ. ಆ ಚಿತ್ರದಲ್ಲಿ ಢಾಕಾದ ವಾಸ್ತುಶಿಲ್ಪಿಯೊಬ್ಬರು ಕಣ್ತುಂಬಿ ಆಡುವ ಮಾತಿನ ಸಾರ ಇಷ್ಟು: ಮನೆಯವರಿಗೆ ಕೊಡಬೇಕಾದ ಪ್ರೀತಿಯನ್ನು ಆತ ನಮಗೆ ಕೊಟ್ಟುಬಿಟ್ಟ.

ಕಾನ್‌ರನ್ನು ಕರೆತಂದ ದೋಶಿ ಮುಂದೆ ಬೆಂಗಳೂರಿನ ಐಐಎಂ ಕಟ್ಟಡವನ್ನು ನಮ್ಮ ಬೂದುಬಣ್ಣದ ಕಲ್ಲಿನಲ್ಲಿ ರೂಪಿಸಿದರು. ಅತ್ತ ಅಹಮದಾಬಾದಿನ ಇಟ್ಟಿಗೆಗೆ ವಯಸ್ಸಾಯಿತು. ಗೋಡೆ ಸೋರಿತು, 2001ರ ಭೂಕಂಪ ಬಿರುಕು ಮೂಡಿಸಿತು. 2020ರ ಡಿಸೆಂಬರಿನಲ್ಲಿ ಸಂಸ್ಥೆ, ಕಾನ್ ಕಟ್ಟಿದ 18 ವಿದ್ಯಾರ್ಥಿ ನಿಲಯಗಳ ಪೈಕಿ 14ನ್ನು ಕೆಡವುವ ಯೋಚನೆ ಮುಂದಿಟ್ಟಿತು. ಜಗತ್ತಿನ ಮೂಲೆಮೂಲೆಯಿಂದ ವಿರೋಧ ಬಂದಾಗ ಹಿಂದೆ ಸರಿದು, 2022ರ ನವೆಂಬರಿನಲ್ಲಿ ಮತ್ತೆ ಪುನರ್ನಿರ್ಮಾಣದ ಮಾತೆತ್ತಿತು. ಮಕ್ಕಳ ಸುರಕ್ಷತೆ ಮುಖ್ಯ ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದೇ ಆವರಣದಲ್ಲಿ, ಅದೇ ಇಟ್ಟಿಗೆಯ ಗ್ರಂಥಾಲಯವನ್ನು ಜತನದಿಂದ ದುರಸ್ತಿ ಮಾಡಿದ್ದಕ್ಕೆ 2019ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂದಿದೆ.

ಸಾವಿರಾರು ವರ್ಷದ ಪಾಳುಗೋಡೆಗಳಿಂದ ಪಾಠ ಕಲಿತವರ ಕಟ್ಟಡಕ್ಕೆ ಅರವತ್ತು ವರ್ಷವೇ ಹೆಚ್ಚಾಯಿತೆ? ಕಟ್ಟುವಾಗ ಇಟ್ಟಿಗೆಯ ಮಾತು ಕೇಳಿದವರೊಬ್ಬರಿದ್ದರು. ಕೆಡಹುವ ಮುನ್ನವೂ ಒಮ್ಮೆ ಕೇಳಬಹುದಿತ್ತು.