ಕೈದಿಯ ದೂರು ಮತ್ತು ಕೋರ್ಟಿನ ಬಾಗಿಲು

ಹಲವು ವರ್ಷ ಹೋಟೆಲಿನ ಗಲ್ಲಾದಲ್ಲಿ ಕುಳಿತ ನಮಗೆ ಒಂದು ಸಂಗತಿ ಅನುಭವದಿಂದ ತಿಳಿದಿದೆ. ಮಾಣಿಗೆ ಪಗಾರದ ಬಗ್ಗೆ ಅಸಮಾಧಾನವಿದ್ದರೆ ಮೊದಲು ಧಣಿಯ ಕಿವಿಗೆ ಹಾಕುವುದೇ ಕ್ರಮ. ಅಲ್ಲಿ ತೀರದಿದ್ದರೆ ಮಾತ್ರ ಸರಕಾರ, ಕೋರ್ಟು. ಆದರೆ ಧಣಿಯೇ “ನಿನ್ನ ಅರ್ಜಿ ತಡವಾಯಿತು, ಇನ್ನು ನೀನು ಕೋರ್ಟಿಗೂ ಹೋಗುವಂತಿಲ್ಲ” ಎನ್ನುವಂತಾದರೆ? ಅಮೆರಿಕದ ಕೈದಿಗಳ ಪಾಡು ಬಹುಮಟ್ಟಿಗೆ ಹೀಗೆಯೇ ಇದೆ.

1996ರ ಏಪ್ರಿಲಿನಲ್ಲಿ ಅಧ್ಯಕ್ಷ ಕ್ಲಿಂಟನ್‌ರವರ ಅಂಕಿತ ಪಡೆದ ಕೈದಿಗಳ ವ್ಯಾಜ್ಯ ಸುಧಾರಣಾ ಕಾಯಿದೆಯ ಮೇರೆಗೆ, ಸೆರೆಮನೆಯ ಸ್ಥಿತಿಗತಿಗಳ ಬಗ್ಗೆ ಫೆಡರಲ್ ಕಾನೂನಿನಡಿ ದಾವೆ ಹೂಡಬಯಸುವ ಕೈದಿಯು, ಸೆರೆಮನೆಯೊಳಗಿನ ದೂರು ಮತ್ತು ಮೇಲ್ಮನವಿಗಳ ಮೆಟ್ಟಿಲುಗಳನ್ನೆಲ್ಲ ಮೊದಲು ಏರಿ ಮುಗಿಸಿರತಕ್ಕದ್ದು. ಕ್ಷುಲ್ಲಕ ದಾವೆಗಳಿಂದ ಕೋರ್ಟುಗಳು ತುಂಬಿಹೋಗಿವೆಯೆಂಬುದೇ ಆಗ ಕೇಳಿಬಂದ ಕೂಗು. ತನಗೆ ಬೇಕಾದ ಬಗೆಯ ಕಡಲೆಕಾಯಿ ಬೆಣ್ಣೆ ದೊರೆಯಲಿಲ್ಲವೆಂದು ಕೈದಿಯೊಬ್ಬ ಕೋರ್ಟಿಗೆ ಹೋದ ಕಥೆಯು ಕಾಂಗ್ರೆಸ್ಸಿನ ಚರ್ಚೆಯಲ್ಲಿಯೂ ಪ್ರಸ್ತಾಪವಾಯಿತು.

ನಿಯಮವು ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಅದರ ಬಿಗಿ ಬೆಣ್ಣೆಯ ದೂರಿಗಷ್ಟೇ ನಿಲ್ಲಲಿಲ್ಲ. ಪರಿಹಾರಧನ ಕೊಡುವ ಅಧಿಕಾರವೇ ಸೆರೆಮನೆಯ ವ್ಯವಸ್ಥೆಗೆ ಇಲ್ಲದಿದ್ದರೂ, ಧನವನ್ನೇ ಬೇಡುವ ಕೈದಿ ಆ ಮೆಟ್ಟಿಲುಗಳನ್ನು ಏರಲೇಬೇಕೆಂದು 2001ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿತು. ಕಾವಲುಗಾರರು ಹೊಡೆದರೆಂಬ ದೂರಿಗೂ ನಿಯಮ ಅನ್ವಯಿಸುತ್ತದೆಂದು 2002ರಲ್ಲಿ ತೀರ್ಪಾಯಿತು. 2006ರಲ್ಲಿ ಬಂದದ್ದು ಕ್ಯಾಲಿಫೋರ್ನಿಯದ ಮೊಕದ್ದಮೆ. ಅಲ್ಲಿ ದೂರಿಗೆ ಇದ್ದ ವಾಯಿದೆ 15 ಕೆಲಸದ ದಿನಗಳು. ವಾಯಿದೆ ಮೀರಿ ಕೊಟ್ಟ ದೂರು ದೂರೇ ಅಲ್ಲವೆಂದು ನ್ಯಾಯಾಲಯ ನಿರ್ಣಯಿಸಿತು. ಹೀಗೆ ಒಳಗಿನ ಬಾಗಿಲು ಮುಚ್ಚಿದರೆ ಹೊರಗಿನ ಬಾಗಿಲೂ ಮುಚ್ಚಿದಂತೆಯೇ. ಯಾರ ಮೇಲೆ ದೂರೋ ಅವರ ಇಲಾಖೆಯೇ ಆ ವಾಯಿದೆಯನ್ನು ಗೊತ್ತುಪಡಿಸುತ್ತದೆಂಬುದನ್ನು ವಾಚಕರು ಗಮನಿಸಬೇಕು.

ಆದಾಗ್ಯೂ ಬೆಳಕಿನ ಕಿಂಡಿಯೊಂದಿದೆ. ಕಾಯಿದೆಯು ಏರಬೇಕೆನ್ನುವುದು “ಲಭ್ಯವಿರುವ” ಮೆಟ್ಟಿಲುಗಳನ್ನು ಮಾತ್ರ. ಅಧಿಕಾರಿಗಳು ಎಂದೂ ಪರಿಹಾರ ಕೊಡದಿದ್ದರೆ, ನಿಯಮಗಳು ಯಾರಿಗೂ ಅರ್ಥವಾಗದಷ್ಟು ಜಟಿಲವಾಗಿದ್ದರೆ, ಅಥವಾ ಬೆದರಿಸಿ ವಂಚಿಸಿ ಕೈದಿಯನ್ನು ತಡೆದರೆ, ಆ ದಾರಿ ಇದ್ದೂ ಇಲ್ಲದಂತೆಯೇ ಎಂದು 2016ರಲ್ಲಿ ನ್ಯಾಯಾಲಯ ಸಾರಿತು. ಮಿಶಿಗನ್ ರಾಜ್ಯದ ಕೈದಿಯೊಬ್ಬ, ತನ್ನ ದೂರುಪತ್ರಗಳನ್ನು ನೌಕರನೇ ನಾಶಪಡಿಸಿದನೆಂದು ವಾದಿಸಿದನು. ಅಂತಹ ತಕರಾರು ಮೂಲ ದಾವೆಯೊಡನೆ ಹೆಣೆದುಕೊಂಡಿದ್ದರೆ ಅದನ್ನು ಜ್ಯೂರಿಯೇ ತೀರ್ಮಾನಿಸಬೇಕೆಂದು 2025ರ ಜೂನಿನಲ್ಲಿ 5-4ರ ಬಹುಮತದ ತೀರ್ಪು ಬಂದಿತು.

ನಮ್ಮ ದೇಶದ ಒಂದು ನಿದರ್ಶನವನ್ನು ಇಲ್ಲಿ ಸ್ಮರಿಸುವುದು ಉಚಿತ. ದಿಲ್ಲಿಯ ತಿಹಾರ್ ಸೆರೆಮನೆಯಲ್ಲಿದ್ದ ಸುನಿಲ್ ಬಾತ್ರಾ ಎಂಬ ಕೈದಿ, ಮತ್ತೊಬ್ಬ ಕೈದಿಗಾದ ಹಿಂಸೆಯನ್ನು ಕುರಿತು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೆ ಕಾಗದ ಬರೆದನು. ಆ ಕಾಗದವನ್ನೇ ಅರ್ಜಿಯೆಂದು ಸ್ವೀಕರಿಸಿ 1979ರ ಡಿಸೆಂಬರಿನಲ್ಲಿ ನ್ಯಾಯಾಲಯವು ತೀರ್ಪಿತ್ತಿತು. ಅಲ್ಲಿ ಮೆಟ್ಟಿಲಿಗಿಂತ ನೋವು ದೊಡ್ಡದಾಯಿತು.

ತಾರೀಕಿನ ಬೆಲೆ ನಮ್ಮ ಗುಮಾಸ್ತ ಬಂಧುಗಳಿಗೆ ಗೊತ್ತೇ ಇದೆ. ಅರ್ಜಿ ಕೊಟ್ಟರೆ ನಕಲು ಇಟ್ಟುಕೊಳ್ಳಿರಿ, ರಸೀತಿ ಕೇಳಿರಿ. ಆದರೆ ನಾಲ್ಕು ಗೋಡೆಗಳ ನಡುವೆ, ಹೊಡೆದವನ ಕಣ್ಣೆದುರಿನಲ್ಲೇ ದೂರು ಬರೆಯಬೇಕಾದವನಿಂದ ಅದೇ ಜಾಗರೂಕತೆಯನ್ನು ಬಯಸುವುದು ಯಾವ ನ್ಯಾಯ? ಮೊದಲು ಮನೆಯಲ್ಲೇ ಹೇಳು ಎನ್ನುವುದು ಸರಿ. ಹೇಳಿದರೆ ಕೇಳುವ ಮನೆಯಾಗಿರಬೇಕು ಎಂಬುದೇ ನಮ್ಮ ಅಭಿಪ್ರಾಯ.